ಸಭೆಯಲ್ಲಿ ಮಾತನಾಡುವ ಬಗೆ

(ಕಲಬುರಗಿಯಲ್ಲಿ ಶಿಕ್ಷಕರ ಹಾಗೂ ನಾಗರಿಕರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಸಭೆಯಲ್ಲಿ ಮಾತನಾಡುವ ಬಗೆಯನ್ನು ಕುರಿತು ಸಭೆಯಲ್ಲಿಯೇ ಮಾತನಾಡಬೇಕೆಂದು ತಾವು ನನಗೆ ಅಪ್ಪಣೆ ಮಾಡಿರುವಿರಿ. ಈಜು ಕಲಿಸುತ್ತೇನೆಂದು ಬಂದವನನ್ನು ಮೊದಲು ಬಾವಿಗೆ ನೂಕಿ ನೋಡುವ ಜಾಣತನವಿದು. ನಾನು ತೇಲಿದರೆ ತಮಗೆ ನಾಲ್ಕು ಮಾತು ಸಿಕ್ಕಾವು; ಮುಳುಗಿದರೆ ಹೇಗೆ ಮುಳುಗಬಾರದೆಂಬದಾದರೂ ತಿಳಿದೀತು. ನಾನು ಹಿಂದೊಮ್ಮೆ ಚೆನ್ನಾಗಿ ಮುಳುಗಿದವನು. ಆದಕಾರಣ ಅಲ್ಲಿಂದಲೇ ಆರಂಭಿಸುವೆನು.

ಸುಮಾರು ನಾಲ್ವತ್ತು ವರುಷಗಳ ಕೆಳಗಿನ ಮಾತು. ಇಲ್ಲಿಂದ ಹುಮನಾಬಾದಕ್ಕೆ ಹೋಗುವ ದಾರಿಯಲ್ಲಿರುವ ಕಮಲಾಪುರವನ್ನು ತಾವೆಲ್ಲರೂ ಬಲ್ಲಿರಿ. ಅಲ್ಲಿಯ ಕೆಂಬಾಳೆಯ ಹಣ್ಣಿಗೆ ಈಗ ಭೌಗೋಳಿಕ ಗುರುತಿನ ಮುದ್ರೆ ದೊರೆತಿದೆ. ೨೦೧೮ರಿಂದ ಅದು ತಾಲೂಕಿನ ಊರೂ ಆಗಿದೆ. ಆಗ ಅದು ಒಂದು ದೊಡ್ಡ ಹಳ್ಳಿಯಷ್ಟೇ. ನವೆಂಬರ ೧ರ ರಾಜ್ಯೋತ್ಸವಕ್ಕೆ ಅಲ್ಲಿಯ ಕೆಲವರು ನನ್ನನ್ನು ಭಾಷಣಕ್ಕೆಂದು ಕರೆದರು. ನಾನು ಹೊಸದಾಗಿ ಮಾಸ್ತರನಾಗಿದ್ದೆನು. ಪುಸ್ತಕದ ಕನ್ನಡದ ಮದವು ತಲೆಗೇರಿತ್ತು. ಎರಡು ವಾರ ಕುಳಿತು ಹದಿನಾಲ್ಕು ಪುಟ ಬರೆದೆನು. ರಾಷ್ಟ್ರಕೂಟ ಚಾಲುಕ್ಯರ ಗತವೈಭವ, ಭಾಷಾಭಿಮಾನದ ಪುನರುತ್ಥಾನ, ಏಕೀಕರಣದ ಐತಿಹಾಸಿಕ ಅನಿವಾರ್ಯತೆ, ಇವೆಲ್ಲವೂ ಅದರಲ್ಲಿದ್ದವು. ಒಂದೊಂದು ಸಮಾಸವೂ ಎತ್ತಿನ ಗಾಡಿಯಷ್ಟು ಉದ್ದವಾಗಿತ್ತು. ಗುಡಿಯ ಕಟ್ಟೆಯ ಮುಂದೆ ನೂರಿನ್ನೂರು ಜನರು ಕುಳಿತಿದ್ದರು. ನಾನು ಮುಕ್ಕಾಲು ತಾಸು ಓದಿದೆನು. ಜನರು ಚಪ್ಪಾಳೆ ತಟ್ಟಿದರು, ನಾನು ಉಬ್ಬಿದೆನು.

ಕಟ್ಟೆಯಿಂದ ಇಳಿದು ಬರುವಾಗ ಬಾಳೆಯ ತೋಟದ ಮುದುಕನೊಬ್ಬನು ನನ್ನ ಕೈ ಹಿಡಿದುಕೊಂಡು, "ಮಾಸ್ತರ್ರೇ, ಭಾಳ ಛಲೋ ಮಾತಾಡಿದ್ರಿ. ಖರೇ ಹೇಳ್ರಿ, ಏನ್ ಹೇಳಿದ್ರಿ?" ಎಂದು ಕೇಳಿದನು. ಅವನ ಮೋರೆಯಲ್ಲಿ ಕುಚೋದ್ಯದ ಸುಳಿವಿರಲಿಲ್ಲ. ಮನೆಗೆ ಹೋದ ಮೇಲೆ ಕೇಳುವವರಿಗೆ ಹೇಳಲು ಅವನಿಗೆ ಒಂದು ಮಾತು ಬೇಕಾಗಿತ್ತು, ಅಷ್ಟೆ. ನಾನು ಆ ಕತ್ತಲೆಯಲ್ಲಿ ನಿಂತು ಉತ್ತರ ಹುಡುಕಿದೆನು. ಸಿಗಲಿಲ್ಲ. ಹದಿನಾಲ್ಕು ಪುಟಗಳಲ್ಲಿ ಮನೆಗೆ ಒಯ್ಯತಕ್ಕ ಮಾತು ಒಂದೂ ಇರಲಿಲ್ಲ.

ಅಂದಿನಿಂದ ಎಲ್ಲಿಯೇ ಭಾಷಣವಿರಲಿ, ಆ ಮುದುಕನ ಪ್ರಶ್ನೆಗೆ ಉತ್ತರವನ್ನು ಮೊದಲು ಒಂದು ಚೀಟಿಯ ಮೇಲೆ ಬರೆದಿಡುತ್ತೇನೆ. ಎರಡು ಸಾಲಿನಲ್ಲಿ ಅದು ನಿಲ್ಲದಿದ್ದರೆ ಭಾಷಣವು ಇನ್ನೂ ಸಿದ್ಧವಾಗಿಲ್ಲವೆಂದು ತಿಳಿಯುತ್ತೇನೆ. ಯಾಕಂದರೆ ಓದುವವನ ಪಾಡು ಬೇರೆ, ಕೇಳುವವನ ಪಾಡು ಬೇರೆ. ಓದುವವನು ತಿಳಿಯದಿದ್ದಲ್ಲಿ ಹಿಂದಿನ ಪುಟವನ್ನು ತಿರುವಬಲ್ಲನು, ನಿಘಂಟನ್ನು ತೆಗೆಯಬಲ್ಲನು, ನಾಳೆ ನೋಡಿದರಾಯಿತೆಂದು ಪುಸ್ತಕವನ್ನು ಮುಚ್ಚಿಡಲೂ ಬಲ್ಲನು. ಕೇಳುವವನಿಗೆ ಇವು ಯಾವವೂ ಇಲ್ಲ. ಮಾತು ಬಂದಾಗ ಹಿಡಿದರೆ ಹಿಡಿದನು. ಇಲ್ಲವಾದರೆ ಅದು ಗಾಳಿಯ ಪಾಲು. ಅವನು ಬಿಟ್ಟ ಒಂದು ಮಾತನ್ನು ಹುಡುಕುತ್ತಿರುವಾಗ ನಮ್ಮ ಮುಂದಿನ ಮೂರು ಮಾತುಗಳೂ ಹೋಗಿಬಿಡುವವು.

ಬೇರೆ ಸೀಮೆಯಲ್ಲಿ ಇದು ಬರಿಯ ಕಲೆಯ ವಿಷಯವಾಗಿದ್ದೀತು. ನಮ್ಮ ಕಲಬುರಗಿಯ ಸೀಮೆಯಲ್ಲಿ ಇದಕ್ಕೆ ಇನ್ನೊಂದು ಭಾರವಿದೆ. ನಿಜಾಮರ ಆಳಿಕೆಯಲ್ಲಿ ಇಲ್ಲಿಯ ಕಚೇರಿಯ ಮಾತು ಉರ್ದು, ನ್ಯಾಯಾಲಯದ ಮಾತು ಉರ್ದು. ೧೯೧೮ರಲ್ಲಿ ಹೈದರಾಬಾದಿನಲ್ಲಿ ತೆರೆದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿಯೇ. ಉರ್ದು ಒಂದು ಸುಂದರ ಭಾಷೆ. ಅದರ ಮೇಲೆ ನನ್ನ ದೂರಿಲ್ಲ. ಆದರೆ ತನ್ನ ಹೊಲದ ಮೊಕದ್ದಮೆಯಲ್ಲಿ ತಾನು ಗೆದ್ದೆನೋ ಸೋತೆನೋ ಎಂಬದನ್ನು ಒಕ್ಕಲಿಗನು ವಕೀಲನ ಮೋರೆಯನ್ನು ನೋಡಿ ತಿಳಿಯಬೇಕಾಗಿದ್ದ ಕಾಲವದು. ಮೇಲಾಗಿ ಗಸ್ತಿ ನಿಶಾನ ೫೩ ಎಂಬ ಹೆಸರಿನ ಸರಕಾರೀ ಸುತ್ತೋಲೆಯು, ಮುಂಚಿತವಾಗಿ ಅಪ್ಪಣೆ ಪಡೆಯದೆ ಸಾರ್ವಜನಿಕ ಸಭೆ ಕೂಡಿಸುವದನ್ನು ತಡೆದಿತ್ತು. ಹೀಗಿರಲು ಜನರು ತಮ್ಮ ಮಾತಿನಲ್ಲಿ ಒಂದೆಡೆ ಕುಳಿತು ಕೇಳಲಿಕ್ಕೆ ಸಾಹಿತ್ಯದ ಸಭೆ, ವಾಚನಾಲಯ, ಹಬ್ಬ, ಉತ್ಸವ ಇವೇ ಆಸರೆಯಾದವು.

ಅಂಥ ಕಾಲದಲ್ಲಿ, ೧೯೨೮ರಲ್ಲಿ, ಕನ್ನಡ ಸಾಹಿತ್ಯ ಸಮ್ಮೇಳನವು ಈ ಊರಿನಲ್ಲಿ ಕೂಡಿತು. ಅಧ್ಯಕ್ಷರು ಬಿ. ಎಂ. ಶ್ರೀಕಂಠಯ್ಯನವರು. ಅವರು ಕಲಿಸುತ್ತಿದ್ದುದು ಇಂಗ್ಲಿಷನ್ನು. ಆದರೂ ೧೯೧೧ರಲ್ಲಿಯೇ ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ ಕನ್ನಡ ಮಾತು ತಲೆಯೆತ್ತುವ ಬಗೆಯನ್ನು ಕುರಿತು ಭಾಷಣ ಮಾಡಿ, ಕಲಿತವರ ಕಿವಿಯನ್ನು ತಾಯ್ನುಡಿಯ ಕಡೆಗೆ ತಿರುಗಿಸಿದವರು ಅವರು. ಆ ಭಾಷಣದ ಹೆಸರನ್ನೇ ನೋಡಿರಿ. "ಕನ್ನಡ ಭಾಷಾಭ್ಯುದಯೋಪಾಯ" ಎಂದು ಇಡಬಹುದಾಗಿತ್ತು. ಆ ಕಾಲದ ವಿದ್ವಾಂಸರು ತಲೆದೂಗುತ್ತಿದ್ದರು. ಅವರು ಹಾಗೆ ಮಾಡಲಿಲ್ಲ. ಮುಂದೆ ೧೯೪೯ರಲ್ಲಿ, ಪೊಲೀಸ್ ಕಾರ್ಯಾಚರಣೆಯಾದ ಮರುವರುಷ, ಸಮ್ಮೇಳನವು ಮತ್ತೆ ಇಲ್ಲಿ ನೆರೆದಾಗ ಅಧ್ಯಕ್ಷರಾದವರು ರೆವರೆಂಡ ಉತ್ತಂಗಿ ಚನ್ನಪ್ಪನವರು. ಕ್ರೈಸ್ತ ಪಾದ್ರಿಗಳಾಗಿದ್ದ ಅವರು ಸರ್ವಜ್ಞನ ವಚನಗಳನ್ನು ಶ್ರಮದಿಂದ ಕೂಡಿಹಾಕಿ ೧೯೨೪ರಲ್ಲಿ ಅಚ್ಚು ಮಾಡಿಸಿದರು. ಮೂರೇ ಸಾಲಿನಲ್ಲಿ ಮಾತು ಮುಗಿಸುವ ಸರ್ವಜ್ಞನು ಅಕ್ಷರ ಬಾರದವನ ನಾಲಗೆಯ ಮೇಲೆ ಇಂದಿಗೂ ಬದುಕಿರುವನು. ಅವನ ಮಾತು ಒಮ್ಮೆ ಕೇಳಿದರೆ ನಿಲ್ಲುವದು. ನಾವು ಭಾಷಣಕಾರರು ಇದಕ್ಕಿಂತ ಹೆಚ್ಚಿನ ಗುರುವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ.

೧೯೫೬ರ ನವೆಂಬರ ೧ರಂದು ನಾಡು ಒಂದಾಯಿತು. ೧೯೬೩ರಲ್ಲಿ ಕಾನೂನಿನ ಪ್ರಕಾರ ಕನ್ನಡವು ಆಡಳಿತದ ಭಾಷೆಯಾಯಿತು. ಹೀಗೆ ಉರ್ದುವಿನ ಗೋಡೆ ಬಿದ್ದಿತು. ಬಿದ್ದ ಜಾಗದಲ್ಲಿ ನಾವೇ ಕನ್ನಡದ ಕಲ್ಲಿನಿಂದ ಇನ್ನೊಂದು ಗೋಡೆಯನ್ನು ಎಬ್ಬಿಸಿರುವೆವೋ ಏನೋ ಎಂಬ ಸಂಶಯವು ನನಗೆ ಬಂದದ್ದು ಮತ್ತೆ ಕಮಲಾಪುರದ ಹತ್ತಿರದ ಒಂದು ಹಳ್ಳಿಯಲ್ಲಿಯೇ.

ಕೆಲವು ವರುಷಗಳ ಹಿಂದೆ ಅಲ್ಲಿ ಬೆಳೆ ವಿಮೆಯ ತಿಳಿವಳಿಕೆಯ ಸಭೆ ನಡೆಯಿತು. ೨೦೧೬ರಲ್ಲಿ ಆರಂಭವಾದ ಫಸಲ್ ಬಿಮಾ ಯೋಜನೆಯಲ್ಲಿ ಒಂದು ಕಟ್ಟಳೆಯಿದೆ. ಒಬ್ಬನ ಹೊಲದಲ್ಲಿ ಆಣೆಕಲ್ಲು ಬಿದ್ದು ಅಥವಾ ನೀರು ನಿಂತು ಬೆಳೆ ಹೋದರೆ, ಅವನು ಎಪ್ಪತ್ತೆರಡು ತಾಸಿನೊಳಗೆ ತಿಳಿಸಬೇಕು. ಇದನ್ನು ಹೇಳಲು ಬಂದ ಅಧಿಕಾರಿಯೊಬ್ಬರು ಕೈಯಲ್ಲಿಯ ಕಾಗದವನ್ನು ನೋಡಿ, "ಅಧಿಸೂಚಿತ ಬೆಳೆಗಳಿಗೆ ಸಂಬಂಧಿಸಿದಂತೆ ಸ್ಥಳೀಯ ಪ್ರಕೃತಿ ವಿಕೋಪದ ಸಂದರ್ಭದಲ್ಲಿ ಬಾಧಿತ ವಿಮಾದಾರರು ಎಪ್ಪತ್ತೆರಡು ಗಂಟೆಗಳ ಕಾಲಮಿತಿಯೊಳಗಾಗಿ ಮಾಹಿತಿಯನ್ನು ಸಲ್ಲಿಸತಕ್ಕದ್ದು" ಎಂದು ಓದಿದರು. ಅದರಲ್ಲಿ ತಪ್ಪಿಲ್ಲ. ಹೆಚ್ಚಿನ ಶಬ್ದಗಳು ಕನ್ನಡದವೇ, ಅಥವಾ ಕನ್ನಡವು ಸಂಸ್ಕೃತದಿಂದ ಕಡ ತಂದವೇ. ಜನರು ಸುಮ್ಮನೆ ಕುಳಿತಿದ್ದರು. ಸುಮ್ಮನಿರುವವರೆಲ್ಲ ತಿಳಿದವರೆಂದು ಭಾವಿಸುವದು ಭಾಷಣಕಾರರ ದೊಡ್ಡ ಭ್ರಾಂತಿ.

ನಾನೂ ಆ ಸಭೆಯಲ್ಲಿದ್ದೆನು. ನನಗೆ ತಿಳಿದಿತ್ತು. ಅಧಿಕಾರಿಗಳ ಮಾತಿನ ನಡುವೆ ಬಾಯಿ ಹಾಕುವದು ಸಭ್ಯತೆಯಲ್ಲವೆಂದು ನಾನೂ ಸುಮ್ಮನೆ ಕುಳಿತೆನು. ಆ ವರುಷ ಮಳೆ ಬಿಡದೆ ಹೊಡೆಯಿತು. ತೊಗರಿಯ ಹೊಲಗಳಲ್ಲಿ ನೀರು ನಿಂತಿತು. ಒಕ್ಕಲಿಗರು ಮೊದಲು ನೀರು ಹೊರಗೆ ಹಾಕಲು ಹೆಣಗಿದರು, ಬಳಿಕ ಇಳಿದೀತೆಂದು ಕಾದರು, ಐದನೆಯ ಆರನೆಯ ದಿನಕ್ಕೆ ಅರ್ಜಿ ಹಿಡಿದುಕೊಂಡು ಬಂದರು. ಹೊತ್ತು ಮೀರಿತೆಂದು ಹೇಳಿ ಅವರನ್ನು ತಿರುಗಿ ಕಳಿಸಿದರು. ನನ್ನ ಪರಿಚಯದ ಒಬ್ಬನು, "ಸಭಾದಾಗ ಹೇಳ್ಯಾರಂತ. ನಾನೂ ಕುಂತಿದ್ನಲ್ರೀ, ಯಾವಾಗ ಹೇಳಿದ್ರು?" ಎಂದು ನನ್ನನ್ನೇ ಕೇಳಿದನು. ಹಿಂದೆ ಆ ಮುದುಕನು ಕೇಳಿದ ಪ್ರಶ್ನೆಯೇ ಇದು. ಆದರೆ ಆಗ ಹೋದದ್ದು ನನ್ನ ಮಾನ ಮಾತ್ರ. ಈಗ ಹೋದದ್ದು ಅವನ ವರುಷದ ಅನ್ನ.

ಮರುವರುಷ ಅದೇ ಊರಿನ ಸಭೆಯಲ್ಲಿ ಶಾಲೆಯ ಬಾಯಿಯವರೊಬ್ಬರು ಎದ್ದು ನಿಂತರು. ಅವರು ಹೇಳಿದ್ದಿಷ್ಟೇ: "ಹೊಲದಾಗ ನೀರು ನಿಂತ್ರ ಮೂರು ದಿನದೊಳಗ ಹೇಳ್ರಿ. ಸೋಮವಾರ ನಿಂತ್ರ ಗುರುವಾರದೊಳಗ. ಶುಕ್ರವಾರ ಹೋದ್ರ ರೊಕ್ಕ ಬರಂಗಿಲ್ಲ. ಎಷ್ಟು ದಿನ?" ಸಭೆಯೆಲ್ಲ "ಮೂರು ದಿನ" ಎಂದಿತು. "ಇನ್ನೊಮ್ಮೆ ಅನ್ರಿ" ಎಂದರು. ಇನ್ನೊಮ್ಮೆ ಅಂದರು. ಹಿಂದಿನ ಸಾಲಿನ ಮಕ್ಕಳು ಅದನ್ನು ಹಾಡಿನಂತೆ ಕೂಗುತ್ತ ಮನೆಗೆ ಹೋದರು.

ಮಹನೀಯರೇ, ವಾಗ್ಮಿತ್ವವೆಂಬದನ್ನು ನಾನು ಕಂಡದ್ದು ಆ ದಿನ. ಆ ತಾಯಿಯವರು ಏನೇನು ಮಾಡಿದರೆಂಬದನ್ನು ಸ್ವಲ್ಪ ಬಿಡಿಸಿ ನೋಡೋಣ. ಎಪ್ಪತ್ತೆರಡು ಗಂಟೆಯೆಂಬ ಲೆಕ್ಕವನ್ನು ಜನರು ಎಣಿಸುವ ದಿನಕ್ಕೆ ಇಳಿಸಿದರು. ದಿನಕ್ಕೆ ವಾರದ ಹೆಸರಿಟ್ಟರು. "ಪ್ರಕೃತಿ ವಿಕೋಪ"ವೆನ್ನದೆ, ಕಣ್ಣಿಗೆ ಕಾಣುವ ನೀರು ಎಂದರು. ಮಾಡಿದರೆ ಏನು, ಮಾಡದಿದ್ದರೆ ಏನು ಎಂಬದನ್ನು ಅಲ್ಲಿಯೇ ಹೇಳಿದರು. ಬಳಿಕ ತಿಳಿಯಿತೋ ಎಂದು ಕೇಳಲಿಲ್ಲ. ತಿಳಿಯಿತೋ ಎಂದರೆ ಎಲ್ಲರೂ ಹೂಂಗುಟ್ಟುವರು, ಇದನ್ನು ಶಾಲೆಯಲ್ಲಿ ನಾವೆಲ್ಲ ದಿನವೂ ಕಾಣುತ್ತೇವೆ. ಎಷ್ಟು ದಿನ ಎಂದು ಕೇಳಿದರು.

ಇನ್ನು ಶಬ್ದಗಳ ವಿಷಯ. ಇದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ಹಳೆಯ ಆಧಾರವಿದೆ. ಕಾಗಿಣಾ ನದಿಯ ದಂಡೆಯ ಮಳಖೇಡವು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿತ್ತು. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಕವಿರಾಜಮಾರ್ಗವು ಹುಟ್ಟಿತು. ಬರೆದವನು ಶ್ರೀವಿಜಯನೆಂದು ವಿದ್ವಾಂಸರ ಅಭಿಪ್ರಾಯ. ಕನ್ನಡ ನಾಡಿನ ಜನರು ಓದದೆಯೂ ಮಾತಿನ ಹದ ಬಲ್ಲವರೆಂದು ಮೆಚ್ಚಿಕೊಂಡ ಆ ಗ್ರಂಥವೇ, ಸಂಸ್ಕೃತವನ್ನೂ ಕನ್ನಡವನ್ನೂ ವಿಚಾರವಿಲ್ಲದೆ ಒಂದೇ ಸಮಾಸದಲ್ಲಿ ಹೊಸೆಯುವವರನ್ನು ಎಚ್ಚರಿಸಿದೆ. ಕುದಿಯುವ ಹಾಲಿನಲ್ಲಿ ಮಜ್ಜಿಗೆಯ ಹನಿ ಬಿದ್ದಂತೆ ಅದು ಕೆಡುವದಂತೆ. ಸಾವಿರಕ್ಕೂ ಮೇಲ್ಪಟ್ಟು ವರುಷಗಳಾದವು. ನಮ್ಮ ಸಭೆಗಳಲ್ಲಿ ಹಾಲು ಇನ್ನೂ ಒಡೆಯುತ್ತಲೇ ಇದೆ.

ಆದರೆ ಇನ್ನೊಂದು ತುದಿಗೆ ಹೋಗುವವರೂ ನಮ್ಮಲ್ಲಿದ್ದಾರೆ. ಅಚ್ಚಗನ್ನಡದ ಹಟ ಹಿಡಿದು, ನಮ್ಮ ಸೀಮೆಯ ಬಾಯಲ್ಲಿ ಬೇರು ಬಿಟ್ಟ ಶಬ್ದಗಳನ್ನು ಹುಡುಕಿ ಹುಡುಕಿ ಕೀಳುವರು. ಅರ್ಜಿ, ಜಮೀನು, ವಕೀಲ, ಜಾಮೀನು, ಕಚೇರಿ, ತಹಸೀಲ, ಖರೇ, ಇವನ್ನೆಲ್ಲ ಹೊರಗಟ್ಟಿದರೆ ಅವುಗಳೊಡನೆ ಕೇಳುವವನೂ ಎದ್ದು ಹೊರಗೆ ಹೋಗುವನು. ಈ ಊರಿನಲ್ಲಿ ಶರಣಬಸವೇಶ್ವರರ ಗುಡಿಯೂ ಇದೆ, ಖ್ವಾಜಾ ಬಂದೇನವಾಜರ ದರ್ಗಾವೂ ಇದೆ. ೧೪೨೨ರಲ್ಲಿ ತೀರಿಕೊಂಡ ಖ್ವಾಜಾ ಅವರು ಅರಬ್ಬೀ ಫಾರಸೀಗಳಲ್ಲಿ ಪಂಡಿತರಾಗಿದ್ದರೂ ಸಾಮಾನ್ಯ ಜನರೊಡನೆ ದಖನಿಯಲ್ಲಿ ಮಾತನಾಡಿದರೆಂದು ಪರಂಪರೆಯು ಹೇಳುತ್ತದೆ. ಎರಡೂ ಕಡೆಗೆ ನಡೆದುಕೊಳ್ಳುವ ಜನರ ಮಾತು ಎರಡೂ ಕಡೆಯಿಂದ ಬೆಳೆದದ್ದು. ನನ್ನ ಮಟ್ಟಿಗೆ ಶಬ್ದವು ಎಲ್ಲಿಂದ ಬಂದಿತೆಂಬದು ಮುಖ್ಯವಲ್ಲ. ಕಟ್ಟೆಯ ಮೇಲೆ ಕುಳಿತವನಿಗೆ ಅದು ಕೇಳಿದ ಕೂಡಲೆ ತಿಳಿಯುವದೋ ಇಲ್ಲವೋ ಎಂಬದೇ ಮುಖ್ಯ.

ನನ್ನ ಈ ಭಾಷಣವೇ ಗ್ರಾಂಥಿಕವಾಗಿದೆಯಲ್ಲ ಎಂದು ಅಲ್ಲಿ ಯಾರೋ ನಗುತ್ತಿರುವಿರಿ. ಸರಿಯೇ. ನೀವು ಶಿಕ್ಷಕರು, ಪತ್ರಿಕೆ ಓದುವವರು. ನಿಮ್ಮ ಮುಂದೆ ಇದು ನಡೆದೀತು. ಕಮಲಾಪುರದ ಕಟ್ಟೆಯ ಮುಂದೆ ನಾನು ಹೀಗೆ ಮಾತನಾಡಲಾರೆನು.

ಶಬ್ದಕ್ಕಿಂತಲೂ ವಾಕ್ಯವು ಹೆಚ್ಚು ಮೋಸ ಮಾಡುವದು. ನಮ್ಮ ಕನ್ನಡದಲ್ಲಿ ಕ್ರಿಯಾಪದವು ಕಡೆಗೆ ಬರುವದು. "ಮಾಡಿ, ನೋಡಿ, ಹೋಗಿ, ತಿಳಿದು, ಇದ್ದಾಗ್ಯೂ, ಆದಕಾರಣ" ಎಂದು ಎಳೆಯುತ್ತ ಹೋದರೆ, ಕೇಳುವವನು ಅಷ್ಟನ್ನೂ ಕೈಯಲ್ಲಿ ಹಿಡಿದುಕೊಂಡು, ಕೊನೆಗೆ ಆಯಿತೋ ಆಗಲಿಲ್ಲವೋ ಎಂದು ಕಾಯಬೇಕು. ನಡುವೆ ಒಂದು ಜಾರಿತೋ, ಎಲ್ಲವೂ ಜಾರಿದಂತೆಯೇ. ಬರವಣಿಗೆಯಲ್ಲಿ ಇಂಥ ವಾಕ್ಯವು ಶೋಭಿಸೀತು. ಮಾತಿನಲ್ಲಿ ಅದನ್ನು ಮೂರಾಗಿ ಕಡಿದು ಮೂರು ಸಲ ಕ್ರಿಯಾಪದವನ್ನು ಇಡಿರಿ. ಬೇಡವೆನ್ನುವ ಮಾತಿದ್ದರಂತೂ ಅದನ್ನು ಉದ್ದ ವಾಕ್ಯದ ಬಾಲದಲ್ಲಿ ಎಂದೂ ಇಡಬೇಡಿರಿ. "ಇಲ್ಲ" ಎಂಬ ಆ ಎರಡಕ್ಷರವು ಕೇಳದಿದ್ದರೆ ಅರ್ಥವೇ ತಲೆಕೆಳಗಾಗುವದು.

ಈ ವಿದ್ಯೆಯನ್ನು ಬಲ್ಲವರು ನಮ್ಮ ಪುರಾಣಿಕರು. ಶ್ರಾವಣ ಬಂದಿತೆಂದರೆ ನಮ್ಮ ಹಳ್ಳಿಗಳ ಗುಡಿ ಮಠಗಳಲ್ಲಿ ತಿಂಗಳುಗಟ್ಟಲೆ ಪುರಾಣ ನಡೆಯುವದು. ಹೊಲದಲ್ಲಿ ದಿನವೆಲ್ಲ ದುಡಿದು ದಣಿದ ಜನರನ್ನು ರಾತ್ರಿ ಎಚ್ಚರವಾಗಿ ಕೂಡ್ರಿಸುವದು ಸಾಮಾನ್ಯ ಕೆಲಸವಲ್ಲ. ಒಳ್ಳೆಯ ಪುರಾಣಿಕನು ನೇರವಾಗಿ ಕತೆಗೆ ಹೋಗುವದಿಲ್ಲ. "ನಿನ್ನೆ ಎಲ್ಲಿಗೆ ಬಂದಿದ್ದೆವು?" ಎಂದು ಸಭೆಯನ್ನೇ ಕೇಳುವನು. ಯಾರೋ ಒಬ್ಬ ಮುದುಕಿ ಉತ್ತರ ಕೊಡುವಳು. ಅವಳ ತಪ್ಪನ್ನು ಇನ್ನೊಬ್ಬಳು ತಿದ್ದುವಳು. ಅಷ್ಟರಲ್ಲಿ ಕತೆಯು ಸಭೆಯ ಕತೆಯಾಗಿಬಿಡುವದು. ಅರ್ಧ ತಾಸು ಮಾತಾದ ಮೇಲೆ ಪೇಟಿ ತಬಲಾಗಳೊಡನೆ ಒಂದು ಪದ. ಕೇಳಿದವರ ಮನಸ್ಸು ವಿಶ್ರಾಂತಿ ಪಡೆಯುವದು, ಹೇಳಿದ್ದು ಒಳಗೆ ಇಳಿಯುವದು, ಪುನಃ ಮಾತು. ನಾವು ಸಭೆಯ ಭಾಷಣಕಾರರು ಪದ ಹಾಡಿಸಲಾರೆವು. ಆದರೆ ಒಂದು ಗಳಿಗೆ ಸುಮ್ಮನಾಗಲು ನಮಗೆ ಅಡ್ಡಿಯೇನು? ೨೦೨೩ರ ಜನವರಿಯಲ್ಲಿ ದೇಹ ಬಿಟ್ಟ ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳನ್ನು ಕೇಳಿದವರು ಇಲ್ಲಿ ಅನೇಕರಿರುವಿರಿ. ಅವರು ಕೂಗಲಿಲ್ಲ, ಮೇಜು ಗುದ್ದಲಿಲ್ಲ. ಹೂವು, ಗಾಳಿ, ಹೊಲ, ಹಕ್ಕಿ ಇವುಗಳ ಮೂಲಕವೇ ಕಠಿಣವಾದ ತತ್ತ್ವವನ್ನು ಹೇಳುತ್ತಿದ್ದರು. ಸಾವಿರಾರು ಜನರು ನಸುಕಿನಲ್ಲಿ ಬಂದು ಕುಳಿತು, ಅವರು ಸುಮ್ಮನಾದಾಗ ತಾವೂ ಸುಮ್ಮನಾಗಿ ಕಾಯುತ್ತಿದ್ದರು.

ಇದಕ್ಕೆ ವಿರುದ್ಧವಾದದ್ದು ನಮ್ಮ ಊರಿನ ವೇದಿಕೆ. ಸ್ವಾಗತ ಮಾಡುವವರು ವೇದಿಕೆಯ ಮೇಲಿನ ಹದಿನೆಂಟು ಜನರನ್ನು ಬಿರುದು ಸಹಿತವಾಗಿ ಹೆಸರಿಸುವರು; ಬಳಿಕ ಮಾತನಾಡುವ ಪ್ರತಿಯೊಬ್ಬರೂ ಅದೇ ಹದಿನೆಂಟು ಜನರನ್ನು ಮತ್ತೆ ಹೆಸರಿಸುವರು. ಹಾರ, ಶಾಲು, ಫಲ. ಮಾತು ಮುತ್ತಿನ ಹಾರದಂತಿರಬೇಕೆಂದು ಬಸವಣ್ಣನವರ ವಚನವನ್ನು ಹೇಳಿ, ಬಳಿಕ ಗೋಣೀಚೀಲದ ಬಾಯಿ ಬಿಚ್ಚಿದಂತೆ ಒಂದು ತಾಸು ಸುರಿಯುವರು. ವಿಷಯ ಬಲ್ಲವನ ಸರದಿ ಬರುವಾಗ ಊರಿನ ಕಡೆಯ ಬಸ್ಸಿನ ಹೊತ್ತಾಗಿ ಜನರು ಎದ್ದಿರುವರು. ಅಮೇರಿಕೆಯ ಗೆಟಿಸಬರ್ಗದಲ್ಲಿ ೧೮೬೩ರ ನವೆಂಬರ ೧೯ರಂದು ಎಡ್ವರ್ಡ ಎವರೆಟ್ಟನೆಂಬ ಹೆಸರಾಂತ ವಾಗ್ಮಿಯು ಎರಡು ತಾಸು ಮಾತನಾಡಿದನು. ಬಳಿಕ ಅಧ್ಯಕ್ಷ ಲಿಂಕನ್ನನು ಎದ್ದು ಸುಮಾರು ೨೭೦ ಶಬ್ದಗಳಲ್ಲಿ ಮುಗಿಸಿದನು. ಲಿಂಕನ್ನನು ಎರಡು ನಿಮಿಷದಲ್ಲಿ ಮುಟ್ಟಿದ ತಿರುಳಿನ ಹತ್ತಿರಕ್ಕೆ ತಾನು ಎರಡು ತಾಸಿನಲ್ಲಿ ಬಂದಿದ್ದರೆ ಸಾಕಾಗಿತ್ತೆಂದು ಎವರೆಟ್ಟನೇ ಮರುದಿನ ಅವನಿಗೆ ಬರೆದನು. ಎವರೆಟ್ಟನ ಭಾಷಣವನ್ನು ಇಂದು ಓದುವವರು ವಿರಳ. ಅವನ ಆ ಪತ್ರವನ್ನು ಮಾತ್ರ ಎಲ್ಲರೂ ಬಲ್ಲರು, ಪಾಪ!

ಧ್ವನಿವರ್ಧಕದ ಬಗ್ಗೆ ಒಂದೇ ಮಾತು. ಅದು ಇರುವದು ನಾವು ಕೂಗಬಾರದೆಂದು. ಬಯಲಿನಲ್ಲಿ ಎರಡು ಮೂರು ಕಡೆಗೆ ಕರ್ಣಗಳನ್ನು ಕಟ್ಟಿದಾಗ ಒಂದರ ಮಾತಿನ ಮೇಲೆ ಇನ್ನೊಂದರ ಮಾತು ತಡವಾಗಿ ಬಂದು ಬೀಳುವದು; ಆದದರಿಂದ ಅಲ್ಲಿ ಇನ್ನೂ ನಿಧಾನವಾಗಿ, ಶಬ್ದದ ಕೊನೆಯನ್ನು ನುಂಗದೆ ನುಡಿಯಬೇಕು.

ಎದ್ದು ನಿಂತರೆ ಕಾಲು ನಡುಗುವದೆಂದು ಹೇಳುವ ತರುಣ ಶಿಕ್ಷಕರು ಇಲ್ಲಿರಬಹುದು. ಮಹಾತ್ಮಾ ಗಾಂಧಿಯವರು ಬ್ಯಾರಿಸ್ಟರರಾಗಿ ಬಂದು ಮುಂಬಯಿಯ ಸ್ಮಾಲ್ ಕಾಜಸ್ ಕೋರ್ಟಿನಲ್ಲಿ ಮೊದಲ ಮೊಕದ್ದಮೆಗೆ ಎದ್ದು ನಿಂತಾಗ ತಲೆ ತಿರುಗಿ, ಮಾತು ಹ�ೊರಡದೆ ಕುಳಿತುಬಿಟ್ಟರು. ಶುಲ್ಕವನ್ನೂ ತಿರುಗಿ ಕೊಟ್ಟರು. ಈ ಸಂಕೋಚವೇ ತಮಗೆ ಶಬ್ದಗಳ ಮಿತವ್ಯಯವನ್ನು ಕಲಿಸಿತೆಂದು ಅವರು ಆತ್ಮಕಥೆಯಲ್ಲಿ ಹೇಳಿಕೊಂಡಿರುವರು. ನಡುಗುವವನು ಕಡಿಮೆ ಮಾತನಾಡುವನು, ಸಿದ್ಧನಾಗಿ ಬರುವನು. ನನಗೆ ಭಯವಿರುವದು ನಡುಗದವರ ಬಗ್ಗೆಯೇ.

ಶಿಕ್ಷಕ ಬಂಧುಗಳೇ, ತಮ್ಮ ಶಾಲೆಯಲ್ಲಿ ಶನಿವಾರ ಬೆಳಗಿನ ಅರ್ಧ ತಾಸನ್ನು ಇದಕ್ಕೆ ತೆಗೆದಿಡಿರೆಂದು ಬೇಡುವೆನು. ನಮ್ಮ ಮಕ್ಕಳಿಗೆ ಭಾಷಣ ಸ್ಪರ್ಧೆಯೆಂದು ದೊಡ್ಡವರು ಬರೆದುಕೊಟ್ಟದ್ದನ್ನು ಬಾಯಿಪಾಠ ಮಾಡಿಸುತ್ತೇವೆ. ಮಗುವು ತಾನೇನು ಹೇಳಿದೆನೆಂದು ತಾನೇ ಅರಿಯದು. ಅದನ್ನು ಬಿಡಿರಿ. ಕಮಲಾಪುರದ ಹುಡುಗನು ಕೆಂಬಾಳೆಯ ಕಂದನ್ನು ಹೇಗೆ ನೆಡುವರೆಂದು ಹೇಳಲಿ. ಕಲಬುರಗಿಯ ಹುಡುಗಿಯು ತೊಗರಿಯು ದಾಲ್ ಮಿಲ್ಲಿನಲ್ಲಿ ಬೇಳೆಯಾಗುವ ಬಗೆಯನ್ನು ಹೇಳಲಿ. ಮೂರು ನಿಮಿಷ, ಕೈಯಲ್ಲಿ ಕಾಗದವಿಲ್ಲ. ಮುಗಿದ ಮೇಲೆ ಹೇಳಿದವರನ್ನು ಏನೂ ಕೇಳಬೇಡಿರಿ. ಹಿಂದಿನ ಸಾಲಿನಲ್ಲಿ ಕುಳಿತ ಮಗುವನ್ನು ಎಬ್ಬಿಸಿ, "ಅವನು ಏನು ಹೇಳಿದನು?" ಎಂದು ಕೇಳಿರಿ. ಅದು ಹೇಳಿದರೆ ಹೇಳಿದವನಿಗೆ ಗುಣ ಕೊಡಿರಿ. ಹೇಳದಿದ್ದರೆ ಹೇಳಿದವನು ಇನ್ನೊಮ್ಮೆ ಹೇಳಲಿ.

ನನಗೆ ಕೊಟ್ಟ ಹೊತ್ತು ಮುಗಿಯುತ್ತ ಬಂದಿದೆ. ಅಧ್ಯಕ್ಷರು ಎರಡು ಸಲ ಗಡಿಯಾರವನ್ನು ನೋಡಿದರು. ಅಲ್ಲಿ ಬಾಗಿಲ ಹತ್ತಿರ ಕೊನೆಯ ಸಾಲಿನಲ್ಲಿ ನಿಂತಿರುವ ಹಸಿರು ರುಮಾಲಿನ ಯಜಮಾನರೇ, ತಾವು ಮೊದಲಿನಿಂದ ಕೇಳುತ್ತಿರುವಿರಿ. ನಾನು ಏನು ಹೇಳಿದೆನು, ದಯವಿಟ್ಟು ಸಭೆಗೆ ತಿಳಿಸುವಿರಾ?